103 ಮತ್ತು 127

2025ರ ಜೂನ್ ಮೊದಲ ವಾರ. ಬೆಳಿಗ್ಗೆ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಾಗ ಮೊಬೈಲ್‌ಗೆ ಸಂದೇಶ ಬಂತು. ನನ್ನ ಕಾರಿನ ನಂಬರ್, ಬಳ್ಳಾರಿ ರಸ್ತೆ, ಅತಿವೇಗ, ದಂಡ 1,000 ರೂಪಾಯಿ. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಿದ್ದೇನೆ. ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ ಒಂದೆರಡು ಸಲ ದಂಡ ಕಟ್ಟಿದ್ದುಂಟು. ವೇಗಕ್ಕೆ ಎಂದು ಬಂದದ್ದು ಅದೇ ಮೊದಲು.

ಸಂದೇಶದಲ್ಲಿದ್ದ ಕೊಂಡಿಯನ್ನು ನಾನು ಒತ್ತಲಿಲ್ಲ. ಚಲನ್ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ, ಮೊಬೈಲ್‌ಗೆ ಯಾವುದೋ ಆ್ಯಪ್ ಇಳಿಸಿ, ಬ್ಯಾಂಕ್ ಖಾತೆ ಬರಿದು ಮಾಡುವವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆ. ಕಂಪ್ಯೂಟರ್ ತೆರೆದು, ಸಂಚಾರ ಪೊಲೀಸರ ಜಾಲತಾಣಕ್ಕೆ ನಾನೇ ಹೋಗಿ, ಗಾಡಿಯ ನಂಬರ್ ಹಾಕಿ ನೋಡಿದೆ. ನಿಜವೇ ಆಗಿತ್ತು. ರಾತ್ರಿ 2 ಗಂಟೆ 7 ನಿಮಿಷ, ಮಿತಿ 80, ಗಾಡಿಯ ವೇಗ 103. ಜೊತೆಗೆ ಒಂದು ಫೋಟೊ. ನಂಬರ್ ಪ್ಲೇಟ್ ಬೆಳ್ಳಗೆ ಹೊಳೆಯುತ್ತಿತ್ತು. ಗಾಜಿನ ಹಿಂದೆ ಕತ್ತಲೆ, ಒಳಗೆ ಕುಳಿತವರು ಯಾರೆಂದು ಗುರುತು ಹತ್ತುವಂತಿರಲಿಲ್ಲ.

ಒಳಗೆ ಇದ್ದದ್ದು ನಾನು ಮತ್ತು ನನ್ನ ತಮ್ಮ. ಹದಿನೈದು ವರ್ಷಗಳಿಂದ ಅವನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ರಜೆ ಮುಗಿಸಿ ಹೊರಟಿದ್ದ. ಅಮ್ಮ ಕೊನೆಯ ಗಳಿಗೆಯಲ್ಲಿ ಚಟ್ನಿಪುಡಿ, ಸಾರಿನ ಪುಡಿಯ ಪೊಟ್ಟಣಗಳನ್ನು ಸೂಟ್‌ಕೇಸಿಗೆ ತುರುಕಲು ಹೋಗಿ, ತೂಕ ಹೆಚ್ಚಾಗಿ, ಬಿಚ್ಚಿ ಕಟ್ಟಿ, ಬಸವೇಶ್ವರನಗರದ ಮನೆ ಬಿಡುವಾಗಲೇ ಒಂದೂವರೆ ದಾಟಿತ್ತು. ಹೆಬ್ಬಾಳದ ಮೇಲ್ಸೇತುವೆ ಇಳಿದ ಮೇಲೆ ರಸ್ತೆ ಖಾಲಿ. ತಮ್ಮ ಗಡಿಯಾರ ನೋಡುತ್ತಿದ್ದ. ನಾನು ಪೆಡಲ್ ಒತ್ತಿದೆ. ಒತ್ತಿದ್ದೇನೆಂಬ ಅರಿವೂ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಳ್ಳು ನೂರು ದಾಟಿದ್ದನ್ನು ಕಣ್ಣಾರೆ ನೋಡಿದ್ದೆ.

ಫೋಟೊ ನೋಡಿದ ಮೇಲೆ ಲೆಕ್ಕ ಹಾಕಿದೆ. ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಹೆಚ್ಚುಕಡಿಮೆ 25 ಕಿಲೋಮೀಟರ್. ಎಂಬತ್ತರಲ್ಲಿ ಹೋದರೆ ಸುಮಾರು 19 ನಿಮಿಷ, ನೂರಮೂರರಲ್ಲಿ ಹೋದರೆ ಹದಿನೈದಕ್ಕೆ ತುಸು ಕಡಿಮೆ. ಉಳಿದದ್ದು ನಾಲ್ಕು ನಿಮಿಷ. ನೂರಮೂರರಲ್ಲಿ ಗಾಡಿ ಸೆಕೆಂಡಿಗೆ 28 ಮೀಟರಿಗೂ ಹೆಚ್ಚು ಓಡುತ್ತದೆ. ಆ ರಾತ್ರಿ ಹುಣಸಮಾರನಹಳ್ಳಿಯ ಹತ್ತಿರ ರಸ್ತೆಯ ನಡುವಿನ ವಿಭಜಕದ ಮೇಲೆ ಇಬ್ಬರು ದಾಟಲು ನಿಂತಿದ್ದರು. ಒಬ್ಬರ ತಲೆಯ ಮೇಲೆ ಗಂಟು ಇತ್ತು. ನಮ್ಮ ಗಾಡಿಯ ಬೆಳಕು ಕಂಡು ಅವರು ಎತ್ತಿದ ಕಾಲು ಹಿಂದಿಟ್ಟರು. ಆಗ ಅದು ನನಗೆ ಏನೂ ಅನ್ನಿಸಿರಲಿಲ್ಲ. ಚಲನ್ ಬಂದ ಮೇಲೆ ಹಲವು ದಿನ ಆ ಗಂಟು, ಆ ಹಿಂದಿಟ್ಟ ಕಾಲು ಕಣ್ಣಮುಂದೆ ಬರುತ್ತಲೇ ಇದ್ದವು.

ಅಂದು ಸಂಜೆ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಮೊದಲು ಕೇಳಿದ್ದು ದಂಡದ ಮೊತ್ತವನ್ನಲ್ಲ.

"ಅಕ್ಕ, ನಿನ್ನ ಇನ್ಶೂರೆನ್ಸ್ ರಿನ್ಯೂವಲ್ ಯಾವಾಗ?"

"ಆಗಸ್ಟ್‌ನಲ್ಲಿ. ಏಕೆ?"

"ಹಾಗಾದರೆ ಪ್ರೀಮಿಯಂ ಏರುತ್ತದೆ, ತಯಾರಾಗಿರು."

ಅವನ ಅನುಭವ ಅಲ್ಲಿನದು. ನಾಲ್ಕು ವರ್ಷದ ಹಿಂದೆ 101 ಹೆದ್ದಾರಿಯಲ್ಲಿ ಗಸ್ತಿನ ಪೊಲೀಸರು ಅವನನ್ನು ನಿಲ್ಲಿಸಿ, ಲೈಸೆನ್ಸ್ ಕೇಳಿ, ಅವನ ಹೆಸರಿಗೇ ಟಿಕೆಟ್ ಬರೆದಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಅತಿವೇಗಕ್ಕೆ ಚಾಲಕನ ದಾಖಲೆಯಲ್ಲಿ ಒಂದು ತಪ್ಪಿನ ಅಂಕ ಬೀಳುತ್ತದೆ ಮತ್ತು ಅದು ಮೂರು ವರ್ಷ ಅಲ್ಲೇ ಇರುತ್ತದೆ. 18 ತಿಂಗಳಿಗೊಮ್ಮೆ ಟ್ರಾಫಿಕ್ ಶಾಲೆಗೆ ಹೋಗಿ ಪಾಠ ಮುಗಿಸಿದರೆ ಆ ಅಂಕ ವಿಮಾ ಕಂಪನಿಯ ಕಣ್ಣಿಗೆ ಬೀಳದಂತೆ ಮಾಡಿಕೊಳ್ಳಬಹುದು. ತಮ್ಮ ಆ ಅವಕಾಶವನ್ನು ಅದರ ಹಿಂದಿನ ವರ್ಷವೇ ಬಳಸಿಕೊಂಡಿದ್ದರಿಂದ ಆ ಸಲದ ಅಂಕ ಎಲ್ಲರಿಗೂ ಕಂಡಿತು, ಮುಂದಿನ ನವೀಕರಣದಲ್ಲಿ ಪ್ರೀಮಿಯಂ ಏರಿತು. ಅಲ್ಲಿ 1988ರಲ್ಲಿ ಮತದಾರರೇ ಒಪ್ಪಿದ ಕಾನೂನೊಂದಿದೆಯಂತೆ: ಕಾರಿನ ವಿಮೆಗೆ ದರ ಕಟ್ಟುವಾಗ ಮೊದಲು ನೋಡಬೇಕಾದದ್ದು ಚಾಲಕನ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿ, ಆಮೇಲೆ ಅನುಭವದ ವರ್ಷಗಳು. ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅಂಕ ಇಲ್ಲದವರಿಗೆ ಕನಿಷ್ಠ ಶೇ 20ರಷ್ಟು ರಿಯಾಯಿತಿ ಸಿಗಬೇಕು. ಇದನ್ನೆಲ್ಲ ಅವನು ನಮ್ಮ ತಂದೆ ಪಂಚಾಂಗ ಹೇಳುತ್ತಿದ್ದಷ್ಟೇ ಖಚಿತವಾಗಿ ಹೇಳಿದ. ನಾನು ನಂಬಿದೆ.

ಅದು ನನ್ನ ತಲೆಯಲ್ಲಿ ಕೊರೆಯುತ್ತಿರುವಾಗಲೇ ಜುಲೈ ಮೊದಲ ವಾರದಲ್ಲಿ ಎರಡನೆಯ ಚಲನ್ ಬಂತು. ಬೆಂಗಳೂರು–ಮೈಸೂರು ಹೆದ್ದಾರಿ, ಭಾನುವಾರ, ಮಿತಿ 100, ವೇಗ 127.

ಆ ಭಾನುವಾರ ನಾನು ಮನೆಯಲ್ಲಿದ್ದೆ. ಕಾರು ಮಗನ ಕೈಯಲ್ಲಿತ್ತು. ಅವನಿಗೆ 23 ವರ್ಷ. ಸ್ನೇಹಿತರ ಜೊತೆ ಮೈಸೂರಿಗೆ ಹೋಗಿದ್ದ. ಆ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಅಲ್ಲಿ ಎಷ್ಟು ಅಪಘಾತಗಳಾದವು, ಆಮೇಲೆ ಆಗಸ್ಟ್‌ನಿಂದ ಬೈಕ್, ಆಟೊಗಳನ್ನು ಏಕೆ ನಿಷೇಧಿಸಿದರು, ಕ್ಯಾಮೆರಾ ಏಕೆ ಬಂದವು ಎಂಬುದೆಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿತ್ತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು ಘೋಷಿಸಿದ್ದೂ ಅವನಿಗೆ ಗೊತ್ತು. ಅವನ ವೇಗಕ್ಕೂ ಎಫ್‌ಐಆರ್‌ಗೂ ನಡುವೆ ಮೂರೇ ಕಿಲೋಮೀಟರ್ ಇತ್ತು.

"ರಸ್ತೆ ಖಾಲಿ ಇತ್ತು ಅಮ್ಮ. ಸಾವಿರ ರೂಪಾಯಿ ನಾನೇ ಕೊಡುತ್ತೇನೆ ಬಿಡು. ಇಲ್ಲವಾದರೆ ಸ್ವಲ್ಪ ದಿನ ತಡೆ, ಅರ್ಧ ದಂಡದ ರಿಯಾಯಿತಿ ಮತ್ತೆ ಬರುತ್ತದೆ" ಎಂದ.

ರಸ್ತೆ ಖಾಲಿ ಇತ್ತು ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆಬ್ಬಾಳದ ಆಚೆ ನಾನು ನನಗೇ ಹೇಳಿಕೊಂಡ ಮಾತೂ ಅದೇ ಆಗಿತ್ತು. ಆದರೆ ರಿಯಾಯಿತಿಯ ಮಾತು ನನ್ನನ್ನು ಕೆರಳಿಸಿತು. 2023ರ ಫೆಬ್ರುವರಿಯಲ್ಲಿ ಮೊದಲ ಸಲ ಸರ್ಕಾರ ಬಾಕಿ ಚಲನ್‌ಗಳಿಗೆ ಶೇ 50ರ ರಿಯಾಯಿತಿ ಕೊಟ್ಟಾಗ ಠಾಣೆಗಳ ಮುಂದೆ ಸಾಲು ನಿಂತವರನ್ನು ನೋಡಿದ್ದೇನೆ. ಬಾಕಿ ವಸೂಲಾಯಿತು, ನಿಜ. ಜೊತೆಗೆ, ಕಟ್ಟದೆ ಕಾದವನಿಗೇ ಲಾಭ ಎಂಬ ಪಾಠವೂ ಮನೆಮನೆಗೆ ತಲುಪಿತು. ಇಪ್ಪತ್ತಮೂರು ವರ್ಷದ ಹುಡುಗ ದಂಡವನ್ನು ಹಬ್ಬದ ಮಾರಾಟದಂತೆ ಎಣಿಸಿದರೆ ಅದರ ಹೊಣೆ ಅವನೊಬ್ಬನದೇ ಅಲ್ಲ. ಎರಡೂ ಚಲನ್‌ಗಳನ್ನು ಅಂದೇ ಪೂರ್ತಿ ಕಟ್ಟಿದೆ. ಹಣ ಕಟ್ಟಿದ್ದು ಎರಡು ನಿಮಿಷದ ಕೆಲಸ. ರಸೀದಿಯನ್ನು ಮುದ್ರಿಸಿ ಆರ್‌ಸಿ ಜೊತೆ ಇಟ್ಟೆ.

ಕಟ್ಟುವ ಮುಂಚೆ ಒಂದು ವಿಷಯ ಗಮನಿಸಿದ್ದೆ. ಎರಡೂ ಚಲನ್ ನನ್ನ ಹೆಸರಿಗೇ ಇದ್ದವು. ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ಪ್ಲೇಟಿನ ಹಿಂದೆ ಇರುವುದು ಮಾಲೀಕರ ಹೆಸರು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಬುದ್ಧಿವಂತ ಕ್ಯಾಮೆರಾಗಳನ್ನು ಅಳವಡಿಸಿದಾಗ, ಇನ್ನು ಪೊಲೀಸರ ಜೊತೆ ರಸ್ತೆಯಲ್ಲಿ ವಾಗ್ವಾದವಿಲ್ಲ ಎಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಈಗಲೂ ಅದು ಒಳ್ಳೆಯದೇ ಎಂದು ನಂಬುತ್ತೇನೆ. ಆದರೆ ತಮ್ಮನನ್ನು ಹೆದ್ದಾರಿಯಲ್ಲಿ ಒಬ್ಬ ಮನುಷ್ಯ ನಿಲ್ಲಿಸಿ, ಮುಖ ನೋಡಿ, ಹೆಸರು ಬರೆದುಕೊಂಡಿದ್ದ. ನನ್ನ ಮಗನ ಮುಖವನ್ನು ಯಾರೂ ನೋಡಲಿಲ್ಲ.

ಜುಲೈ ಕೊನೆಯಲ್ಲಿ ವಿಮೆಯ ಏಜೆಂಟ್ ಮನೆಗೆ ಬಂದರು. ನಮ್ಮ ಮಾವನವರ ಕಾಲದಿಂದ ಪರಿಚಿತರು. ಕಾಫಿ ಕೊಟ್ಟು, ಅವರು ಕೇಳುವ ಮೊದಲೇ ಎರಡು ರಸೀದಿಗಳನ್ನೂ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಮಡಚಿ, ನನಗೇ ಹಿಂತಿರುಗಿಸಿದರು.

"ಮೇಡಂ, ಇದು ನಮಗೆ ಬೇಕಾಗಿಲ್ಲ."

"ಪ್ರೀಮಿಯಂ ಏರುವುದಿಲ್ಲವೇ?"

"ಫಾರಂನಲ್ಲಿ ಚಲನ್‌ಗೆ ಕಾಲಂ ಎಲ್ಲಿದೆ ಹೇಳಿ."

ಕಾಗದ ಹರಡಿ ವಿವರಿಸಿದರು. ಥರ್ಡ್ ಪಾರ್ಟಿ ವಿಮೆಯ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ, ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ, ವಿಮಾ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಯಲ್ಲಿದ್ದ ದರದಂತೆ, 1,000 ಸಿಸಿ ತನಕದ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿಸಿ ತನಕ 3,416, ಅದಕ್ಕೂ ಮೇಲೆ 7,897. ನನ್ನದು 1,197 ಸಿಸಿಯ ಕಾರು. ನಾನು ಅರವತ್ತರಲ್ಲಿ ಓಡಿಸಿದರೂ ನೂರಮೂವತ್ತರಲ್ಲಿ ಓಡಿಸಿದರೂ 3,416. ಇನ್ನೊಂದು ಭಾಗ ನಮ್ಮದೇ ಗಾಡಿಗೆ ಆಗುವ ಹಾನಿಯದು. ಅದರಲ್ಲಿ ನೋ ಕ್ಲೇಮ್ ಬೋನಸ್ ಇದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಆ ಭಾಗದ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ನನಗೆ ಶೇ 50 ಇತ್ತು. ಎರಡು ಅತಿವೇಗದ ಚಲನ್ ಬಂದ ವರ್ಷವೂ ಅದು ಒಂದು ಪೈಸೆಯಷ್ಟೂ ಕಡಿಮೆಯಾಗಲಿಲ್ಲ. ಪಾರ್ಕಿಂಗ್‌ನಲ್ಲಿ ಯಾರೋ ಬಂಪರ್‌ಗೆ ಗುದ್ದಿ ಹೋಗಿ, ನಾನು ಕ್ಲೇಮ್ ಮಾಡಿದ್ದಿದ್ದರೆ ಪೂರ್ತಿ ಹೋಗುತ್ತಿತ್ತು.

ಹಣ ಉಳಿಯಿತೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸುಮಾರು ಎರಡು ತಿಂಗಳಿಂದ ನಾನು ಹೆದರಿಕೊಂಡಿದ್ದು ಇಲ್ಲದ ವಸ್ತುವಿಗೆ ಎಂದು ಗೊತ್ತಾದಾಗ ಖಾಲಿ ಖಾಲಿ ಅನ್ನಿಸಿತು.

ಇದನ್ನು ಸರಿಪಡಿಸಲು ಯೋಚನೆಯೇ ನಡೆದಿಲ್ಲವೆಂದಲ್ಲ. ವಿಮಾ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ ಕರಡು ವರದಿ ಹೊರತಂದು, ಸಂಚಾರ ಉಲ್ಲಂಘನೆಗೆಂದೇ ಪ್ರತ್ಯೇಕ ಪ್ರೀಮಿಯಂ ಇರಲಿ, ಮೊದಲು ದೆಹಲಿಯಲ್ಲಿ ಪ್ರಯೋಗವಾಗಲಿ ಎಂದಿತ್ತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಕಡೆ ನಿಲ್ಲಿಸಿದರೆ 10, ಹೀಗೆ ಉಲ್ಲಂಘನೆಗೆ ತಕ್ಕ ಅಂಕ, ಅಂಕಕ್ಕೆ ತಕ್ಕ ಹಣ. ನನ್ನ ಪಾಲಿಸಿಯಲ್ಲಿ ಅಂಥ ಭಾಗವೇ ಇಲ್ಲ. ಆ ಕರಡನ್ನು ಓದುವಾಗ ನನ್ನನ್ನು ತಡೆದದ್ದು ಇನ್ನೊಂದು ವಿಷಯ: ಅಲ್ಲಿಯೂ ಹಣ ಕಟ್ಟಬೇಕಾದವರು ಗಾಡಿಯ ಮಾಲೀಕರು. ಅಂದರೆ ಮಗನ 127 ನನ್ನ ಖಾತೆಗೇ ಸೇರುತ್ತಿತ್ತು.

ಏಜೆಂಟ್ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದ ಮಾತು ಮುಖ್ಯವಾದದ್ದು. "ಚಲನ್‌ನಿಂದ ಪ್ರೀಮಿಯಂಗೆ ಏನೂ ಆಗುವುದಿಲ್ಲ ಮೇಡಂ. ಆದರೆ ಮಗನ ಲೈಸೆನ್ಸ್ ಅಮಾನತಾದ ದಿನ ನನಗೆ ತಿಳಿಸಿ. ಅಂದಿನಿಂದ ಅವರ ಕೈಗೆ ಕೀಲಿ ಕೊಡಬೇಡಿ."

ಅದರ ಅರ್ಥವನ್ನು ನಾನು ಎರಡು ದಿನ ಕುಳಿತು ಓದಿ ತಿಳಿದುಕೊಂಡೆ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಅತಿವೇಗದ್ದು. 2019ರ ತಿದ್ದುಪಡಿಯ ನಂತರ, ಅದೇ ತಪ್ಪನ್ನು ಎರಡನೆಯ ಸಲ ಮಾಡಿದರೆ ಲೈಸೆನ್ಸ್ ವಶಪಡಿಸಿಕೊಳ್ಳಲು ಅವಕಾಶವಿದೆ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ, ಅತಿವೇಗ, ಕೆಂಪು ದೀಪ ದಾಟುವುದು, ಚಾಲನೆಯಲ್ಲಿ ಮೊಬೈಲ್ ಬಳಕೆ ಮುಂತಾದವುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಮಾನತಿನಲ್ಲಿರುವ ಲೈಸೆನ್ಸ್ ಹಿಡಿದು ಗಾಡಿ ಓಡಿಸಿ ಅಪಘಾತವಾದರೆ, ವಿಮಾ ಕಂಪನಿ ನ್ಯಾಯಮಂಡಳಿಯ ಮುಂದೆ ಅದನ್ನೇ ತನ್ನ ರಕ್ಷಣೆಗೆ ಬಳಸಬಹುದು. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗುವುದುಂಟು. ಮಾಲೀಕರು ಎಂದರೆ ನಾನು. ಅಪಘಾತ ಪರಿಹಾರ ಲಕ್ಷಗಳಲ್ಲಿ ಇರುತ್ತದೆ, ಕೋಟಿ ದಾಟುವುದೂ ಉಂಟು. ನಮ್ಮ ಮನೆ ಮಾರಿದರೂ ಸಾಲದಂಥ ಮೊತ್ತ.

ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ಒಂದು ಆದೇಶ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. 2014ರಲ್ಲಿ ಅರಸೀಕೆರೆಯ ಕಡೆ ಹೋಗುತ್ತಿದ್ದ ಕಾರು ಅತಿವೇಗದಿಂದ ಪಲ್ಟಿಯಾಗಿ ಚಾಲಕ ಸತ್ತಿದ್ದರು. ಜೊತೆಯಲ್ಲಿ ಮನೆಯವರೂ ಇದ್ದರು. ಅಪಘಾತಕ್ಕೆ ಅವರ ಅಜಾಗರೂಕ ಚಾಲನೆಯೇ ಕಾರಣವಾದ್ದರಿಂದ ಕುಟುಂಬಕ್ಕೆ ಪರಿಹಾರ ಸಿಗದು ಎಂದು ನಮ್ಮ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಮಗನ ಮೇಜಿನ ಮೇಲೆ ಇಟ್ಟೆ. ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಆದರೆ ರಾತ್ರಿ ಊಟಕ್ಕೆ ಬಂದಾಗ, "ಇನ್ಶೂರೆನ್ಸ್ ಇದ್ದೂ ಏನೂ ಸಿಗುವುದಿಲ್ಲವೇ?" ಎಂದು ಕೇಳಿದ. ಮಾಲೀಕ–ಚಾಲಕನ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಯದು ಬೇರೆ ಇದೆ, ಆದರೆ ಕಾರು ನನ್ನ ಹೆಸರಿನಲ್ಲಿರುವುದರಿಂದ ಅದು ನನಗೆ, ನಿನಗಲ್ಲ ಎಂದೆ. ಅವನು ತಟ್ಟೆಯನ್ನೇ ನೋಡುತ್ತಾ ಕುಳಿತ.

ಇನ್ನು ಚಾಲಕಿಯಾಗಿ ನನ್ನ ದಾಖಲೆ ಎಲ್ಲಿದೆ ಎಂಬ ಪ್ರಶ್ನೆ. ಹಳೆಯ ನಿಯಮದಂತೆ ನನ್ನ ಲೈಸೆನ್ಸ್ ಐವತ್ತು ತುಂಬುವ ದಿನಕ್ಕೆ ಮುಗಿಯುತ್ತಿತ್ತು. ಆ ದಿನ ಆಗಸ್ಟ್‌ನಲ್ಲಿತ್ತು. ವೈದ್ಯರಿಂದ ಫಾರಂ 1ಎ ಬರೆಸಿಕೊಂಡು, ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ಆರ್‌ಟಿಒ ಕಚೇರಿಗೆ ಹೋದೆ. ಕಿಟಕಿಯ ಒಳಗಿದ್ದ ಹುಡುಗಿ ನನ್ನ ವಿವರ ತೆರೆದಾಗ, "ನನ್ನ ಅತಿವೇಗದ ಚಲನ್ ಅದರಲ್ಲಿ ಕಾಣುತ್ತಿದೆಯೇ?" ಎಂದು ಕೇಳಿದೆ.

ಅವಳು ಆಶ್ಚರ್ಯದಿಂದ ತಲೆಯೆತ್ತಿದಳು. "ಇಲ್ಲ ಮೇಡಂ. ಕ್ಯಾಮೆರಾ ಚಲನ್ ಗಾಡಿಯ ಮೇಲೆ ಬೀಳುತ್ತದೆ. ಪೊಲೀಸರು ನಿಲ್ಲಿಸಿ ನಿಮ್ಮ ಡಿಎಲ್ ನಂಬರ್ ಹಾಕಿದ್ದರೆ ಆ ಮಾತು ಬೇರೆ."

"ಗಾಡಿ ಓಡಿಸಿದ್ದು ನಾನೇ."

"ಕಟ್ಟಿದ್ದೀರಲ್ಲ, ಸಾಕು" ಎಂದಳು, ಮೃದುವಾಗಿಯೇ. ನನ್ನ ಹಿಂದೆ ಸಾಲು ಬೆಳೆದಿತ್ತು. ಅರವತ್ತರ ತನಕ ಸಿಂಧುವಾದ ಲೈಸೆನ್ಸ್ ಕೆಲವು ದಿನಗಳಲ್ಲಿ ಅಂಚೆಯಲ್ಲಿ ಬಂತು. ಅದರ ಮೇಲೆ ಒಂದು ಕಲೆಯೂ ಇಲ್ಲ.

ಕಾನೂನು ಈ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. 133ನೇ ಸೆಕ್ಷನ್ ಪ್ರಕಾರ, ಗಾಡಿ ಯಾರು ಓಡಿಸುತ್ತಿದ್ದರು ಎಂದು ಪೊಲೀಸರು ಕೇಳಿದರೆ ಮಾಲೀಕರು ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಲೇಬೇಕು. ಕ್ಯಾಮೆರಾದ ನೋಟಿಸ್ ಹೇಗಿರಬೇಕೆಂದು 2021ರಲ್ಲಿ ಬಂದ 167ಎ ನಿಯಮ ಹೇಳುತ್ತಿತ್ತು: ಉಲ್ಲಂಘನೆಯಾದ ಹದಿನೈದು ದಿನದೊಳಗೆ ಕಳುಹಿಸಬೇಕಿತ್ತು, ಫೋಟೊ, ಅಳೆದ ವೇಗ, ದಿನ, ಹೊತ್ತು, ಜಾಗ ಇರಬೇಕಿತ್ತು. ಎಲ್ಲ ಇದ್ದವು. ಆದರೆ ಓಡಿಸಿದವರು ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದಕ್ಕೆ ನನ್ನ ಹೆಸರು, ಇನ್ನೊಂದಕ್ಕೆ ಮಗನ ಹೆಸರು ಬರೆಯುತ್ತಿದ್ದೆ. ತಾಯಿಯಾಗಿ ಅದು ಸುಲಭವಲ್ಲ. ಆದರೂ ಬರೆಯುತ್ತಿದ್ದೆ. ಕೇಳಬೇಕು ಎಂಬುದೇ ನನ್ನ ಬೇಡಿಕೆ. ಚಲನ್ ಕಟ್ಟುವ ಪುಟದಲ್ಲಿ ಒಂದು ಕಾಲಂ ಇಟ್ಟರೆ ಆಗುತ್ತದೆ. ಹಾಗೆ ಬರೆದದ್ದು ಲೈಸೆನ್ಸ್‌ಗೆ ಅಂಟಲಿ, ಮೂರು ವರ್ಷ ಇರಲಿ, ವಿಮೆಯವರು ಓದಲಿ. ತಮ್ಮನ ಊರಿನಲ್ಲಿ ಇರುವುದೆಲ್ಲ ಇಲ್ಲಿಗೆ ಬೇಕೆಂದು ನಾನು ಹೇಳುವವಳಲ್ಲ, ಇದೊಂದು ಮಾತ್ರ ಬೇಕು.

ಏಜೆಂಟರಿಗೆ ಮತ್ತೆ ಫೋನ್ ಮಾಡಿ ಇನ್ನೊಂದು ವಿಷಯ ಕೇಳಿದೆ. ಓಡಿಸುವ ರೀತಿ ನೋಡಿ ಪ್ರೀಮಿಯಂ ನಿರ್ಧರಿಸುವ ಹೆಚ್ಚುವರಿ ಸೌಲಭ್ಯಕ್ಕೆ ಪ್ರಾಧಿಕಾರ 2022ರ ಜುಲೈನಲ್ಲೇ ಅನುಮತಿ ಕೊಟ್ಟಿದೆ. ಗಾಡಿಯಲ್ಲಿನ ಸಾಧನ ಅಥವಾ ಮೊಬೈಲ್ ಆ್ಯಪ್ ವೇಗವನ್ನೂ ಬ್ರೇಕ್ ಒತ್ತುವುದನ್ನೂ ದಾಖಲಿಸುತ್ತದೆ. ನನ್ನ ಹಳೆಯ ಕಾರಿಗೆ ಅವರ ಕಂಪನಿಯಲ್ಲಿ ಅದು ಇಲ್ಲ ಎಂದರು. ಹಳೆಯ ಪಾಲಿಸಿಯನ್ನೇ ನವೀಕರಿಸಿದೆ.

ಆಗಸ್ಟ್ 23ರಿಂದ ಮತ್ತೆ ಅರ್ಧ ದಂಡದ ರಿಯಾಯಿತಿ ಬಂತು. ಪಕ್ಕದ ಮನೆಯವರು ಗೇಟಿನ ಬಳಿ, "ನೀವು ಅವಸರ ಮಾಡಿದಿರಿ, ಸಾವಿರ ಉಳಿಯುತ್ತಿತ್ತೋ ಏನೋ" ಎಂದರು. ಮಗ ಅಲ್ಲೇ ಬೈಕ್ ಒರೆಸುತ್ತಿದ್ದ. ಅವನು ನನ್ನ ಮುಖ ನೋಡಿದ, ಆ ಮಾತಿಗೆ ದನಿಗೂಡಿಸಲಿಲ್ಲ.

ಅದಕ್ಕೂ ಮುಂಚೆಯೇ ನಾನು ಕೀಲಿ ತೂಗುಹಾಕುವ ಮೊಳೆಗೆ ದಾರ ಕಟ್ಟಿ ಒಂದು ನೂರು ಪುಟದ ನೋಟ್‌ಬುಕ್ ಇಳಿಬಿಟ್ಟಿದ್ದೆ. ದಿನಾಂಕ, ಎಲ್ಲಿಗೆ, ಯಾರು. ನಾಳೆ ಪೊಲೀಸರು ಕೇಳಿದರೆ ತೋರಿಸಲು ಒಂದು ದಾಖಲೆ ಇರಲಿ ಎಂದು. ಮೊದಲ ಸಾಲಿನಲ್ಲಿ ಜೂನ್‌ನ ಆ ರಾತ್ರಿಯ ತಾರೀಖು, ವಿಮಾನ ನಿಲ್ದಾಣ, ನನ್ನ ಹೆಸರು, ಪಕ್ಕದಲ್ಲಿ 103 ಎಂದು ಬರೆದು, ಎರಡನೆಯ ಸಾಲನ್ನು ಖಾಲಿ ಬಿಟ್ಟು, ಮೂರನೆಯದರಿಂದ ದಿನದ ಓಡಾಟಗಳನ್ನು ಬರೆಯತೊಡಗಿದೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ತರಕಾರಿಗೆ ಹೊರಟು ಕೀಲಿ ತೆಗೆಯುವಾಗ ನೋಡಿದೆ. ಎರಡನೆಯ ಸಾಲಿನಲ್ಲಿ ಮಗನ ಅಕ್ಷರವಿತ್ತು: ಭಾನುವಾರ, ಮೈಸೂರು, 127.